ರಿಫ್ಯೂಸ್, ರಿಜೆಕ್ಟ್, ಡಿನೈ, ಡಿಕ್ಲೈನ್, ಸೆಟ್‌ಬ್ಯಾಕ್: ಯಾವ ಪದ ಎಲ್ಲಿ? ಒಂದು ಸಮಗ್ರ ಮಾರ್ಗದರ್ಶಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್‌ಬುಕ್‌ನಲ್ಲಿ ಇಂಥದೊಂದು ಸಾಲು ಸಿಗುತ್ತದೆ: ರಿಫ್ಯೂಸ್, ರಿಜೆಕ್ಟ್, ಡಿನೈ, ಡಿಕ್ಲೈನ್. ನಾಲ್ಕೂ ಪದಗಳ ಮುಂದೆ ಒಂದೇ ಅರ್ಥ, ‘ನಿರಾಕರಿಸು’. ನಿಘಂಟು ಹಾಗೇ ಹೇಳುತ್ತದೆ, ಆದ್ದರಿಂದ ಬರೆದುಕೊಂಡವರ ತಪ್ಪಲ್ಲ. ಆದರೆ ಆ ಒಂದೇ ಅರ್ಥ ನಂಬಿ ವಾಕ್ಯ ಮಾಡಿದರೆ ‘ಹಿ ಡಿನೈಡ್ ಟು ಕಮ್’ ಬರುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ. ಕೆಲಸದ ಪತ್ರದಲ್ಲಿ ಬಂದರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಈ ಪದಗಳನ್ನು ಕಲಿಯಲು ಬೇಕಾದ ಅರ್ಧ ಸಾಮಾನು ನಮ್ಮ ಹುಬ್ಬಳ್ಳಿ-ಧಾರವಾಡದ ಮಾತಿನಲ್ಲೇ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅಲ್ಲಿಂದಲೇ ಶುರು ಮಾಡೋಣ.

ಹಂತ 1: ನಾವು ಆಡುವ ‘ಇಲ್ಲ’ಗಳನ್ನು ಮೊದಲು ಬೇರೆ ಮಾಡಿ

‘ನಿರಾಕರಿಸು’ ಎಂಬ ಪದವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಮನೆಯಲ್ಲಿ, ಓಣಿಯಲ್ಲಿ, ಪ್ಯಾಟಿಯಲ್ಲಿ ಜನ ಏನು ಅನ್ನುತ್ತಾರೆ ನೋಡಿ.

‘ಹೋಗಂದ್ರ ಒಲ್ಲೆ ಅಂದ.’ ಇದು ಹಟ. ಮನಸ್ಸು ಗಟ್ಟಿ ಮಾಡಿಕೊಂಡು ಮಾಡುವುದಿಲ್ಲ ಎನ್ನುವುದು. ಈ ‘ಒಲ್ಲೆ’ಯೇ ರಿಫ್ಯೂಸ್. ಬೆಂಗಳೂರು ಕಡೆಯವರಿಗೆ ಈ ಪದ ದಿನಬಳಕೆಯಲ್ಲಿ ಇಲ್ಲ, ನಮಗಿದೆ. ಅದು ನಮಗೆ ಸಿಕ್ಕ ದೊಡ್ಡ ಅನುಕೂಲ. ಕನ್ನಡದಲ್ಲಿ ‘ಒಲ್ಲೆ’ ಎಂದು ಹೇಳಬಹುದಾದ ಕಡೆಯೆಲ್ಲ ರಿಫ್ಯೂಸ್ ಬಹುಮಟ್ಟಿಗೆ ಕೂಡುತ್ತದೆ.

‘ಬ್ಯಾಡ್ರಿ, ಸಾಕಾತು.’ ಊಟಕ್ಕೆ ಕೂತಾಗ ಇನ್ನೊಂದು ಹೋಳಿಗೆ ಹಾಕಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಇಟ್ಟು ಹೇಳುವ ಮಾತು. ಕೊಡುವವರ ಮನಸ್ಸು ನೋಯಬಾರದು ಎಂಬ ಕಾಳಜಿ ಅದರಲ್ಲಿದೆ. ಇದು ಡಿಕ್ಲೈನ್. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಪಕ್ಕಕ್ಕೆ ಬಾಗುವುದು ಎಂಬ ಅರ್ಥವಿದೆ. ಎದುರು ನಿಲ್ಲದೆ ಬದಿಗೆ ಸರಿಯುವುದು.

‘ನಾ ಅಲ್ರಿ, ನಾ ತಗೊಂಡಿಲ್ರಿ.’ ಇಲ್ಲಿ ಯಾರೂ ಏನೂ ಕೊಡುತ್ತಿಲ್ಲ, ಏನೂ ಕೇಳುತ್ತಿಲ್ಲ. ಒಂದು ಆರೋಪ ಬಂದಿದೆ, ಅದು ನಿಜವಲ್ಲ ಎನ್ನುತ್ತಿದ್ದೇವೆ. ಇದು ಡಿನೈ.

‘ಇದು ನಡಿಯೂದಿಲ್ಲ, ಆ ಕಡೆ ಇಡ್ರಿ.’ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ತೇವ ಎಲ್ಲಾ ನೋಡಿ ಖರೀದಿದಾರ ಒಂದು ಚೀಲವನ್ನು ಬೇಡ ಎಂದನೆನ್ನಿ. ಅವನು ಪರೀಕ್ಷೆ ಮಾಡಿದ್ದಾನೆ, ಅಳತೆಗೆ ಬರಲಿಲ್ಲ, ಪಕ್ಕಕ್ಕೆ ಹಾಕಿದ್ದಾನೆ. ಇದು ರಿಜೆಕ್ಟ್. ಮೂಲ ಅರ್ಥವೂ ಹಿಂದಕ್ಕೆ ಎಸೆಯುವುದು ಎಂದೇ.

ಹೀಗೆ ಒಲ್ಲೆ, ಬ್ಯಾಡ್ರಿ, ಅಲ್ರಿ, ನಡಿಯೂದಿಲ್ಲ. ಇಂಗ್ಲಿಷ್ ವಾಕ್ಯ ಬರೆಯುವ ಮುಂಚೆ ನಿಮ್ಮ ಮಾತನ್ನು ಈ ನಾಲ್ಕರಲ್ಲಿ ಯಾವುದರಿಂದ ಹೇಳುತ್ತೀರಿ ಎಂದು ಕೇಳಿಕೊಳ್ಳಿ. ಜಾಸ್ತಿ ಸಲ ಸರಿಯಾದ ಪದ ತಾನೇ ಬರುತ್ತದೆ.

ಹಂತ 2: ಪದದ ಬೆನ್ನಿಗೆ ಏನು ಬರುತ್ತದೆ ನೋಡಿ

ಅರ್ಥ ಗೊತ್ತಾದರೂ ವಾಕ್ಯ ಕೆಡುವುದು ಇಲ್ಲಿ. ಪರೀಕ್ಷೆಯಲ್ಲಿ ತಪ್ಪು ಹುಡುಕುವ ಪ್ರಶ್ನೆಗಳು ಬರುವುದೂ ಇಲ್ಲಿಂದಲೇ.

ರಿಫ್ಯೂಸ್ ಆದಮೇಲೆ ‘ಟು’ ಸೇರಿಸಿ ಕ್ರಿಯಾಪದ ಹಾಕಬಹುದು. ‘ಶಿ ರಿಫ್ಯೂಸ್ಡ್ ಟು ಸೈನ್.’ ಅವಳು ಸಹಿ ಮಾಡಲು ಒಪ್ಪಲಿಲ್ಲ. ವಸ್ತುವಿನ ಹೆಸರನ್ನೂ ಹಾಕಬಹುದು: ‘ಶಿ ರಿಫ್ಯೂಸ್ಡ್ ದ ಮನಿ.’ ವ್ಯಕ್ತಿ ಮತ್ತು ವಸ್ತು ಎರಡನ್ನೂ ಸಾಲಾಗಿ ಇಡಬಹುದು: ‘ದೇ ರಿಫ್ಯೂಸ್ಡ್ ಹಿಮ್ ಪರ್ಮಿಷನ್.’ ಅವನಿಗೆ ಅನುಮತಿ ಕೊಡಲಿಲ್ಲ.

ಡಿಕ್ಲೈನ್ ಕೂಡ ‘ಟು’ ತೆಗೆದುಕೊಳ್ಳುತ್ತದೆ. ಪತ್ರಿಕೆಯಲ್ಲಿ ‘ಡಿಕ್ಲೈನ್ಡ್ ಟು ಕಾಮೆಂಟ್’ ಓದಿರುತ್ತೀರಿ. ಅಧಿಕಾರಿ ಪ್ರತಿಕ್ರಿಯೆ ಕೊಡಲು ಒಪ್ಪಲಿಲ್ಲ, ಆದರೆ ಜಗಳ ಮಾಡಲಿಲ್ಲ. ಅಲ್ಲಿ ‘ರಿಫ್ಯೂಸ್ಡ್ ಟು ಕಾಮೆಂಟ್’ ಎಂದು ಬರೆದರೆ ವ್ಯಾಕರಣ ಸರಿಯೇ, ಆದರೆ ಅಧಿಕಾರಿ ಮುಖ ಗಂಟು ಹಾಕಿದಂತೆ ಕೇಳುತ್ತದೆ. ಡಿಕ್ಲೈನ್‌ಗೆ ಒಂದು ಮಿತಿ ಇದೆ. ವ್ಯಕ್ತಿ ಮತ್ತು ವಸ್ತುವನ್ನು ಸಾಲಾಗಿ ಇಟ್ಟು ‘ಡಿಕ್ಲೈನ್ಡ್ ಹಿಮ್ ಪರ್ಮಿಷನ್’ ಎನ್ನಲು ಬರುವುದಿಲ್ಲ.

ಡಿನೈ ಆದಮೇಲೆ ‘ಟು’ ಮತ್ತು ಕ್ರಿಯಾಪದ ಬರುವುದೇ ಇಲ್ಲ. ‘ಐಎನ್‌ಜಿ’ ರೂಪ ಬರುತ್ತದೆ: ‘ಹಿ ಡಿನೈಡ್ ಟೇಕಿಂಗ್ ದ ಮನಿ.’ ಇಲ್ಲವೇ ‘ದಟ್’ ಬರುತ್ತದೆ: ‘ಹಿ ಡಿನೈಡ್ ದಟ್ ಹಿ ಟುಕ್ ದ ಮನಿ.’ ಬರಲು ಒಪ್ಪಲಿಲ್ಲ ಎಂದು ಹೇಳಬೇಕಾದರೆ ‘ರಿಫ್ಯೂಸ್ಡ್ ಟು ಕಮ್’ ಎನ್ನಿ, ಮೆತ್ತಗೆ ಹೇಳಬೇಕಿದ್ದರೆ ‘ಡಿಕ್ಲೈನ್ಡ್ ಟು ಕಮ್’ ಎನ್ನಿ. ಇದನ್ನು ಬಾಯಿಪಾಠ ಮಾಡಿದರೂ ಪರವಾಗಿಲ್ಲ, ಯಾಕೆಂದರೆ ನಮ್ಮ ಕಡೆಯ ಇಂಗ್ಲಿಷ್‌ನಲ್ಲಿ ಪದೇ ಪದೇ ಕಾಣುವ ತಪ್ಪು ಇದು.

ರಿಜೆಕ್ಟ್‌ಗೆ ಹೆಸರುಪದ ಮಾತ್ರ ಬೇಕು. ಅರ್ಜಿ, ಪ್ರಸ್ತಾಪ, ಮಾಲು, ವ್ಯಕ್ತಿ, ಏನಾದರೂ ಸರಿ. ‘ರಿಜೆಕ್ಟೆಡ್ ಟು ಕಮ್’ ಎಂಬುದು ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ.

ಹಂತ 3: ಡಿನೈಗೆ ಇರುವ ಎರಡನೇ ಮುಖ

ಡಿನೈ ಎಂದರೆ ಆರೋಪವನ್ನು ಅಲ್ಲಗಳೆಯುವುದು ಎಂದು ಮೇಲೆ ಹೇಳಿದೆ. ಅಷ್ಟೇ ಆಗಿದ್ದರೆ ಸುಲಭವಿತ್ತು. ಕೊಡಬೇಕಾದದ್ದನ್ನು, ಅಥವಾ ಸಿಗಬೇಕು ಎಂದು ಒಬ್ಬರು ನಂಬಿದ್ದನ್ನು ಕೊಡದೇ ಇರುವುದಕ್ಕೂ ಡಿನೈ ಎನ್ನುತ್ತಾರೆ. ಇಲ್ಲಿ ಅದು ರಿಫ್ಯೂಸ್‌ಗೆ ಬಹಳ ಹತ್ತಿರ ಬರುತ್ತದೆ.

2023ರ ವಿಧಾನಸಭಾ ಚುನಾವಣೆಯ ಸುದ್ದಿ ನೆನಪು ಮಾಡಿಕೊಳ್ಳಿ. ಜಗದೀಶ ಶೆಟ್ಟರ್ ಅವರಿಗೆ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಿಂದ ಬಿಜೆಪಿ ಟಿಕೆಟ್ ಸಿಗಲಿಲ್ಲ. ಇಂಥ ಸುದ್ದಿಗೆ ಇಂಗ್ಲಿಷ್ ಪತ್ರಿಕೆಗಳು ಬಳಸುವ ಮಾತು ‘ಡಿನೈಡ್ ಟಿಕೆಟ್’. ‘ರಿಜೆಕ್ಟೆಡ್’ ಎನ್ನುವುದಿಲ್ಲ. ಯಾಕೆ? ಡಿನೈ ಎಂದಾಗ ‘ಅವರಿಗೆ ಸಿಗುತ್ತದೆ ಎಂಬ ನಿರೀಕ್ಷೆ ಇತ್ತು’ ಎಂಬ ನೆರಳು ಹಿಂದೆ ಇರುತ್ತದೆ. ಅವರು ಕಾಂಗ್ರೆಸ್ ಸೇರಿ ನಿಂತು ಸೋತರು. ಅದು ಡಿಫೀಟ್. ನಾಮಪತ್ರದ ಪರಿಶೀಲನೆಯಲ್ಲಿ ಯಾರದಾದರೂ ಪತ್ರ ಬಿದ್ದುಹೋದರೆ ಅದು ರಿಜೆಕ್ಟೆಡ್. ಅಭ್ಯರ್ಥಿಯೇ ವಾಪಸ್ ತೆಗೆದುಕೊಂಡರೆ ವಿತ್‌ಡ್ರಾನ್. ಒಂದೇ ಚುನಾವಣೆ, ನಾಲ್ಕು ಬೇರೆ ಬೇರೆ ಪದ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಸುದ್ದಿಯೇ ತಪ್ಪಾಗುತ್ತದೆ.

ಡಿನೈ ಜೊತೆಗೇ ರೆಫ್ಯೂಟ್ ಎಂಬ ಪದವನ್ನು ಇಟ್ಟು ನೋಡಿ. ‘ನಾ ಮಾಡಿಲ್ಲ’ ಎಂದಷ್ಟೇ ಹೇಳಿದರೆ ಡಿನೈ. ದಾಖಲೆ ತೋರಿಸಿ ಆರೋಪ ಸುಳ್ಳೆಂದು ಸಾಬೀತು ಮಾಡಿದರೆ ಮಾತ್ರ ರೆಫ್ಯೂಟ್. ಪತ್ರಿಕಾಗೋಷ್ಠಿಯಲ್ಲಿ ಸುಮ್ನೆ ‘ಇದೆಲ್ಲ ಸುಳ್ಳು’ ಎಂದವರ ಬಗ್ಗೆಯೂ ‘ರೆಫ್ಯೂಟೆಡ್’ ಎಂದು ಬರೆಯುವುದು ಈಗ ರೂಢಿಯಾಗಿದೆ. ನನ್ನ ಮಟ್ಟಿಗೆ ಅದು ಓದುಗರಿಗೆ ಮಾಡುವ ಅನ್ಯಾಯ. ಸಾಬೀತಾಗದ್ದನ್ನು ಸಾಬೀತಾಯಿತು ಎಂದ ಹಾಗಾಗುತ್ತದೆ. ನೀವು ಬರೆಯುವಾಗ ಡಿನೈಡ್ ಎಂದೇ ಬರೆಯಿರಿ. ಎದುರುವಾದ ಹೂಡಿದರು, ಆದರೆ ಗೆದ್ದರೋ ಇಲ್ಲವೋ ತೀರ್ಮಾನ ಆಗಿಲ್ಲ ಎಂದಾದರೆ ರಿಬಟ್ ಎಂಬ ಪದವಿದೆ.

ಹಂತ 4: ಕಚೇರಿ, ಕೋರ್ಟು, ಬ್ಯಾಂಕಿನ ಕಾಗದ ಓದುವಾಗ

ಇಲ್ಲಿ ಪದದ ವ್ಯತ್ಯಾಸ ಅಂಕದ ವಿಷಯ ಅಲ್ಲ, ಹಕ್ಕಿನ ವಿಷಯ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಮು ಒಳ್ಳೆಯ ಪಾಠ. ಅಧಿಕಾರಿ ಮಾಹಿತಿ ಕೊಡಬೇಕು, ಇಲ್ಲವೇ ಕಾಯ್ದೆಯಲ್ಲಿ ಹೇಳಿದ ಕಾರಣಕ್ಕೆ ಅರ್ಜಿಯನ್ನು ‘ರಿಜೆಕ್ಟ್’ ಮಾಡಬೇಕು. ರಿಜೆಕ್ಟ್ ಮಾಡಿದರೆ ಕಾರಣ ತಿಳಿಸಬೇಕು, ಎಷ್ಟು ದಿನದೊಳಗೆ ಯಾರಿಗೆ ಮೇಲ್ಮನವಿ ಹಾಕಬಹುದು ಎಂದೂ ತಿಳಿಸಬೇಕು. ಅವಧಿ ಮುಗಿದರೂ ಏನೂ ತೀರ್ಮಾನ ಹೇಳದೆ ಸುಮ್ಮನಿದ್ದರೆ? ಆಗ ಅರ್ಜಿಯನ್ನು ‘ರಿಫ್ಯೂಸ್’ ಮಾಡಿದಂತೆ ಎಂದು ಕಾಯ್ದೆ ಹೇಳುತ್ತದೆ. ಸಾಮಾನ್ಯವಾಗಿ ಆ ಅವಧಿ 30 ದಿನ. ನೋಡಿ, ಓದಿ ಕಾರಣ ಕೊಟ್ಟು ಬದಿಗಿಟ್ಟದ್ದಕ್ಕೆ ಒಂದು ಪದ, ಬಾಯಿ ಬಿಡದೆ ಕೊಡದೇ ಇದ್ದದ್ದಕ್ಕೆ ಇನ್ನೊಂದು ಪದ. ಹಂತ 1ರ ‘ನಡಿಯೂದಿಲ್ಲ’ ಮತ್ತು ‘ಒಲ್ಲೆ’ ಇಲ್ಲೂ ಹೊಂದುತ್ತವೆ.

ಕೋರ್ಟಿನ ಭಾಷೆಗೆ ಬನ್ನಿ. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಗಿ, 2013ರಲ್ಲಿ ಅದು ಕಾಯಂ ಪೀಠವಾಯಿತು. ಹೀಗಾಗಿ ಕೋರ್ಟಿನ ಸುದ್ದಿ ನಮ್ಮೂರಿನ ಸುದ್ದಿಯೇ. ‘ಬೇಲ್ ಡಿನೈಡ್’ ಎಂದರೆ ಜಾಮೀನು ಸಿಗಲಿಲ್ಲ. ‘ಬೇಲ್ ಪ್ಲೀ ರಿಜೆಕ್ಟೆಡ್’ ಎಂದರೆ ಜಾಮೀನು ಅರ್ಜಿ ತಿರಸ್ಕೃತವಾಯಿತು. ಫಲ ಒಂದೇ. ಆದರೆ ಡಿನೈ ಆಗುವುದು ಜಾಮೀನು, ರಿಜೆಕ್ಟ್ ಆಗುವುದು ಅರ್ಜಿ. ‘ಕೋರ್ಟ್ ರಿಫ್ಯೂಸಸ್ ಟು ಸ್ಟೇ’ ಎಂದರೆ ತಡೆಯಾಜ್ಞೆ ಕೊಡಲು ಕೋರ್ಟು ಒಪ್ಪಲಿಲ್ಲ ಎಂದಷ್ಟೇ. ಮೂಲ ಪ್ರಕರಣ ಇನ್ನೂ ನಡೆಯುತ್ತಿರಬಹುದು. ಶೀರ್ಷಿಕೆ ಓದಿ ‘ಕೇಸು ಮುಗೀತು’ ಎಂದುಕೊಳ್ಳಬೇಡಿ.

ಇನ್ನೊಂದು ಜೋಡಿ ರಿಜೆಕ್ಟ್ ಮತ್ತು ಡಿಸ್ಮಿಸ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಂತೆ ದಾವಾಪತ್ರವನ್ನು ಶುರುವಿನಲ್ಲೇ ರಿಜೆಕ್ಟ್ ಮಾಡಬಹುದು. ಹಾಗೆ ಆದರೂ ಹೊಸದಾಗಿ ದಾವಾಪತ್ರ ಹಾಕಲು ಅಡ್ಡಿಯಿಲ್ಲ ಎಂದು ಅದೇ ಆದೇಶದ 13ನೇ ನಿಯಮ ಹೇಳುತ್ತದೆ. ಆದರೆ ವಿಚಾರಣೆ ನಡೆದು, ಸತ್ವದ ಮೇಲೆ ದಾವೆ ಡಿಸ್ಮಿಸ್ ಆದರೆ ಅದೇ ವಿಷಯಕ್ಕೆ ಅದೇ ಜನ ಮತ್ತೆ ದಾವೆ ಹೂಡಲು ಬರುವುದಿಲ್ಲ. ಮೇಲ್ಮನವಿಯ ದಾರಿ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ವಜಾ’ ಎಂದು ಹೇಳಿಬಿಟ್ಟರೆ ಕಕ್ಷಿದಾರನಿಗೆ ತನ್ನ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಗೊತ್ತಾಗುವುದಿಲ್ಲ.

ಬ್ಯಾಂಕಿನಲ್ಲಿ ಸಾಲದ ಅರ್ಜಿ ರಿಜೆಕ್ಟ್ ಆಗುತ್ತದೆ, ಕಾರ್ಡು ಡಿಕ್ಲೈನ್ ಆಗುತ್ತದೆ, ಚೆಕ್ ಡಿಸ್ಆನರ್ ಆಗುತ್ತದೆ. ಜನರ ಬಾಯಲ್ಲಿ ಬೌನ್ಸ್. ಯುಪಿಐ ಲೆಕ್ಕದಲ್ಲಿ ಅದನ್ನು ನಡೆಸುವ ಸಂಸ್ಥೆ ಎನ್‌ಪಿಸಿಐ ಎರಡು ತರಹದ ಡಿಕ್ಲೈನ್ ತೋರಿಸುತ್ತದೆ. ತಪ್ಪು ಪಿನ್ ಹಾಕಿದ್ದು, ಮಿತಿ ಮೀರಿದ್ದು ಇಂಥವು ಬಿಸಿನೆಸ್ ಡಿಕ್ಲೈನ್. ಬ್ಯಾಂಕಿನ ಅಥವಾ ಜಾಲದ ವ್ಯವಸ್ಥೆ ಕೈಕೊಟ್ಟರೆ ಟೆಕ್ನಿಕಲ್ ಡಿಕ್ಲೈನ್. ಮೊದಲನೆಯದನ್ನು ನೀವೇ ಸರಿಮಾಡಬೇಕು. ಎರಡನೆಯದಕ್ಕೆ ಕಾಯಬೇಕು.

ವೀಸಾಗೆ ಅಧಿಕೃತ ಪದ ರಿಫ್ಯೂಸ್. ಅಮೆರಿಕದ ವೀಸಾ ಅರ್ಜಿಯಲ್ಲಿ ಈ ಹಿಂದೆ ವೀಸಾ ‘ರಿಫ್ಯೂಸ್’ ಆಗಿತ್ತೇ ಎಂಬ ಪ್ರಶ್ನೆ ಇದೆ. ‘ನನ್ನದು ರಿಜೆಕ್ಟ್ ಆಗಿತ್ತು, ರಿಫ್ಯೂಸ್ ಅಲ್ಲ’ ಎಂದು ಯೋಚಿಸಿ ‘ಇಲ್ಲ’ ಎಂದು ತುಂಬಬೇಡಿ. ಎರಡೂ ಅದೇ.

ಹಂತ 5: ನೀವೇ ‘ಬೇಡ’ ಎನ್ನಬೇಕಾದಾಗ

ಪತ್ರದಲ್ಲಿ ‘ಐ ರಿಜೆಕ್ಟ್ ಯುವರ್ ಆಫರ್’ ಎಂದು ಬರೆಯಬೇಡಿ. ಎದುರಿನವರನ್ನು ತೂಗಿ ನೋಡಿ ಕಳಪೆ ಎಂದ ಹಾಗೆ ಇರುತ್ತದೆ. ‘ಐ ರಿಫ್ಯೂಸ್’ ಎಂದರೆ ಜಗಳಕ್ಕೆ ನಿಂತ ಹಾಗೆ. ಕೆಲಸದ ಕರೆ ಬಂದು, ನೀವು ಬೇರೆ ಕಡೆ ಸೇರುತ್ತಿದ್ದರೆ ಹೀಗೆ ಬರೆಯಿರಿ: ‘ಥ್ಯಾಂಕ್ ಯು ಫಾರ್ ದ ಆಫರ್. ಆಫ್ಟರ್ ಕೇರ್‌ಫುಲ್ ಥಾಟ್, ಐ ಹ್ಯಾವ್ ಡಿಸೈಡೆಡ್ ಟು ಡಿಕ್ಲೈನ್.’ ಕೃತಜ್ಞತೆ ಮೊದಲು, ಬೇಡ ಎಂಬುದು ಆಮೇಲೆ, ಕಾರಣ ಬೇಕಿದ್ದರೆ ಒಂದೇ ಸಾಲು.

ಮಾತಿನಲ್ಲಿ ಇದಕ್ಕೆ ‘ಟರ್ನ್ ಡೌನ್’ ಎನ್ನುತ್ತಾರೆ. ‘ಶಿ ಟರ್ನ್ಡ್ ಡೌನ್ ದ ಜಾಬ್.’ ಸರ್ವನಾಮ ಬಂದರೆ ಅದು ನಡುವೆ ಹೋಗುತ್ತದೆ: ‘ಶಿ ಟರ್ನ್ಡ್ ಇಟ್ ಡೌನ್.’ ಮದುವೆ ಸಂಬಂಧದ ವಿಷಯಕ್ಕೂ ಇದೇ ಪದ ಒಳ್ಳೆಯದು. ಕನ್ಯಾ ನೋಡಲು ಬಂದವರ ಬಗ್ಗೆ ‘ರಿಜೆಕ್ಟೆಡ್’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹುಡುಗಿಯಾಗಲಿ ಹುಡುಗನಾಗಲಿ ಮಾರುಕಟ್ಟೆಗೆ ಬಂದ ಮಾಲಲ್ಲ.

ನಿಮ್ಮ ಮೇಲಿನವರಿಗೆ, ಹಿರಿಯರಿಗೆ ಹೇಳುವಾಗ ಈ ಪದಗಳೇ ಇಲ್ಲದಿದ್ದರೆ ಇನ್ನೂ ಚಂದ. ‘ಐ ಆಮ್ ಅಫ್ರೇಡ್ ಐ ವಿಲ್ ನಾಟ್ ಬಿ ಏಬಲ್ ಟು ಅಟೆಂಡ್’ ಎಂದರೆ ಸಾಕು.

ಹಂತ 6: ಆಗಾಗ ಮಾತ್ರ ಸಿಗುವ ಪದಗಳು

ಇವನ್ನು ಬಳಸುವುದಕ್ಕಿಂತ ಓದುವಾಗ ಗುರುತಿಸುವುದು ಮುಖ್ಯ. ರಿಬಫ್ ಎಂದರೆ ಸ್ನೇಹದಿಂದಲೋ ಸಹಾಯಕ್ಕೋ ಚಾಚಿದ ಕೈಯನ್ನು ಒರಟಾಗಿ ತಳ್ಳಿದ್ದು. ಸ್ಪರ್ನ್ ಎಂದರೆ ತಿರಸ್ಕಾರದಿಂದ ಒದ್ದದ್ದು. ಅದರಲ್ಲಿ ಕೀಳಾಗಿ ಕಾಣುವ ಭಾವ ಇದೆ. ಸ್ನಬ್ ಎಂದರೆ ಬೇಕಂತಲೇ ಕಡೆಗಣಿಸಿದ್ದು. ರಿಪ್ಯೂಡಿಯೇಟ್ ಎಂದರೆ ಒಪ್ಪಂದಕ್ಕೋ ಸಾಲಕ್ಕೋ ನನಗೆ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಂಡದ್ದು. ವೀಟೋ ಎಂದರೆ ಅಧಿಕಾರ ಇರುವವರು ಮಾತ್ರ ಹಾಕುವ ತಡೆ. ಟರ್ನ್ ಅವೇ ಎಂದರೆ ಬಾಗಿಲಿಂದಲೇ ವಾಪಸ್ ಕಳಿಸಿದ್ದು.

ಹಂತ 7: ಸೆಟ್‌ಬ್ಯಾಕ್ ಮತ್ತು ಅದರ ನೆರೆಹೊರೆ

ಈಗ ಎರಡನೇ ಗುಂಪು. ಇಲ್ಲಿ ಯಾರಾದರೂ ‘ಇಲ್ಲ’ ಎಂದದ್ದು ಮುಖ್ಯವಲ್ಲ. ಅದರಿಂದ ನಡೆಯುತ್ತಿದ್ದ ಕೆಲಸಕ್ಕೆ ಏನಾಯಿತು ಎಂಬುದು ಮುಖ್ಯ.

ಸೆಟ್‌ಬ್ಯಾಕ್‌ಗೆ ಕನ್ನಡದಲ್ಲಿ ‘ಹಿನ್ನಡೆ’ ಸರಿಯಾಗಿ ಕೂಡುತ್ತದೆ. ಮುಂದೆ ನಡೆಯುತ್ತಿದ್ದವರು ಹಿಂದೆ ಸರಿಯಬೇಕಾಯಿತು. ಆದರೆ ನಡಿಗೆ ನಿಂತಿಲ್ಲ. ಮಹದಾಯಿ ನದಿ ನೀರಿನ ವಿವಾದ ಇದಕ್ಕೆ ನಮ್ಮದೇ ಉದಾಹರಣೆ. ಆ ನೀರನ್ನು ಈ ಕಡೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು 2015ರಿಂದ ಹೋರಾಟಕ್ಕೆ ಕೂತಿದ್ದರು. 7.56 ಟಿಎಂಸಿ ಅಡಿ ನೀರು ಎತ್ತಲು ಮಧ್ಯಂತರ ಅನುಮತಿ ಕೊಡಿ ಎಂದು ಕರ್ನಾಟಕ ಕೇಳಿತ್ತು. ಜುಲೈ 2016ರಲ್ಲಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ, ನವಲಗುಂದದಲ್ಲಿ ಜನ ಬೀದಿಗಿಳಿದರು. ಆಗಸ್ಟ್ 2018ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿಕೆಯಾಯಿತು.

ಈ ಕತೆಯಲ್ಲಿ ಪದಗಳನ್ನು ಜೋಡಿಸಿ ನೋಡಿ. ಮಧ್ಯಂತರ ಅರ್ಜಿಗೆ ಆದದ್ದು ರಿಜೆಕ್ಷನ್. ಕರ್ನಾಟಕದ ಬೇಡಿಕೆಗೆ ಆದದ್ದು ಸೆಟ್‌ಬ್ಯಾಕ್. ಡಿಫೀಟ್ ಅಲ್ಲ, ಯಾಕೆಂದರೆ ಪ್ರಕರಣ ಮುಂದುವರಿದು ಬೇರೆ ಫಲ ಬಂತು. ತೀರ್ಪಿನ ನಂತರವೂ ಕೆಲಸಕ್ಕೆ ಅರಣ್ಯ, ವನ್ಯಜೀವಿ ಅನುಮತಿ ಬೇಕು. ಇಂಥದಕ್ಕೆ ಹರ್ಡಲ್ ಎನ್ನುತ್ತಾರೆ. ದಾಟಲೇಬೇಕಾದ ಅಡೆತಡೆ ಅದು. ರಿಜೆಕ್ಷನ್ ಕಾರಣ, ಸೆಟ್‌ಬ್ಯಾಕ್ ಪರಿಣಾಮ ಎಂದು ನೆನಪಿಟ್ಟರೆ ಎರಡೂ ಗುಂಪು ಕಲಸುವುದಿಲ್ಲ.

ಹರ್ಡಲ್, ಆಬ್‌ಸ್ಟಕಲ್ ನಿಮ್ಮ ಮುಂದೆ ನಿಂತಿರುತ್ತವೆ. ಸೆಟ್‌ಬ್ಯಾಕ್ ಆಗಿಹೋದ ಘಟನೆ. ಹಿಚ್, ಸ್ನ್ಯಾಗ್ ಎಂದರೆ ಸಣ್ಣ ತೊಡಕು, ಸಂಜೆಯೊಳಗೆ ಸರಿಹೋಗುವಂಥದ್ದು. ಬ್ಲೋ ಎಂದರೆ ಪೆಟ್ಟು. ಅದರಲ್ಲಿ ನೋವು ಮುಖ್ಯ. ರಿಲ್ಯಾಪ್ಸ್ ಎಂದರೆ ಗುಣವಾಗುತ್ತಿದ್ದ ಕಾಯಿಲೆಯೋ ಬಿಟ್ಟ ಚಟವೋ ಮರುಕಳಿಸಿದ್ದು. ಫಿಯಾಸ್ಕೊ ಎಂದರೆ ಎಲ್ಲರೆದುರು ಪೂರ್ತಿ ಹಾಳಾದದ್ದು.

ಡ್ರಾಬ್ಯಾಕ್‌ ಬಗ್ಗೆ ಮಾತ್ರ ಎಚ್ಚರ ಬೇಕು. ಕಿವಿಗೆ ಸೆಟ್‌ಬ್ಯಾಕ್‌ನ ಜೋಡಿ ಅನ್ನಿಸುತ್ತದೆ, ಅರ್ಥದಲ್ಲಿ ದೂರ. ಡ್ರಾಬ್ಯಾಕ್ ಎಂದರೆ ವಸ್ತುವಿನಲ್ಲೇ ಇರುವ ಕುಂದು. ‘ಮನೆ ಚಲೋ ಐತಿ, ಆದ್ರ ನೀರು ಬರೂದು ಕಡಿಮಿ’ ಎನ್ನುವಾಗ ಆ ಕಡಿಮೆ ನೀರು ಡ್ರಾಬ್ಯಾಕ್. ಮನೆ ಕಟ್ಟುವಾಗ ಸಿಮೆಂಟ್ ಬಾರದೆ ಕೆಲಸ ಹಿಂದೆ ಬಿದ್ದರೆ ಸೆಟ್‌ಬ್ಯಾಕ್. ರಫ್ತು ಮಾಡುವವರಿಗೆ ‘ಡ್ಯೂಟಿ ಡ್ರಾಬ್ಯಾಕ್’ ಎಂಬುದಿದೆ. ಅದು 1962ರ ಕಸ್ಟಮ್ಸ್ ಕಾಯ್ದೆಯಂತೆ ಕಟ್ಟಿದ ಸುಂಕ ವಾಪಸ್ ಸಿಗುವ ಪದ್ಧತಿ. ಅಲ್ಲಿ ಡ್ರಾಬ್ಯಾಕ್ ಎಂದರೆ ಲಾಭದ ಮಾತು.

ಸೆಟ್‌ಬ್ಯಾಕ್‌ಗೂ ಹೀಗೊಂದು ಬೇರೆ ಬಳಕೆ ಇದೆ. ಮಹಾನಗರ ಪಾಲಿಕೆಗೆ ಮನೆಯ ನಕ್ಷೆ ಕೊಟ್ಟವರಿಗೆ ಗೊತ್ತಿರುತ್ತದೆ. ಸೈಟಿನ ಅಂಚಿನಿಂದ ಕಟ್ಟಡದವರೆಗೆ ಬಿಡಬೇಕಾದ ಖಾಲಿ ಜಾಗ ಅದು. ‘ಸೆಟ್‌ಬ್ಯಾಕ್ ಬಿಟ್ಟಿಲ್ಲ, ಪ್ಲ್ಯಾನ್ ರಿಜೆಕ್ಟ್ ಆತು’ ಎಂದು ಎಂಜಿನಿಯರು ಹೇಳಿದರೆ ಹಿನ್ನಡೆಗೂ ಅದಕ್ಕೂ ಸಂಬಂಧವಿಲ್ಲ.

ಬರೆಯುವ ರೀತಿಯಲ್ಲೂ ಒಂದು ಭೇದವಿದೆ. ಹೆಸರುಪದವಾದಾಗ ಒಂದೇ ಪದವಾಗಿ ಕೂಡಿಸಿ ಬರೆಯುತ್ತಾರೆ. ಕ್ರಿಯೆಯಾದಾಗ ‘ಸೆಟ್’ ಮತ್ತು ‘ಬ್ಯಾಕ್’ ಬೇರೆ ಬೇರೆ. ಜೊತೆಗೆ ಬರುವ ಕ್ರಿಯಾಪದ ‘ಸಫರ್’: ‘ದ ಪ್ರಾಜೆಕ್ಟ್ ಸಫರ್ಡ್ ಎ ಸೆಟ್‌ಬ್ಯಾಕ್.’

ಹಂತ 8: ಸಂದರ್ಶನದಲ್ಲಿ ಈ ಪದ ಬಂದರೆ

‘ಟೆಲ್ ಅಸ್ ಅಬೌಟ್ ಎ ಸೆಟ್‌ಬ್ಯಾಕ್’ ಎಂದು ಕೇಳಿದಾಗ ತಮ್ಮ ದೌರ್ಬಲ್ಯ ಹೇಳುವವರಿದ್ದಾರೆ. ‘ನನಗೆ ಇಂಗ್ಲಿಷ್ ಸರಿಯಾಗಿ ಬರೂದಿಲ್ಲ’ ಎಂಬುದು ವೀಕ್‌ನೆಸ್, ಸೆಟ್‌ಬ್ಯಾಕ್ ಅಲ್ಲ. ಸೆಟ್‌ಬ್ಯಾಕ್ ಎಂದರೆ ಮೊದಲು ಏನು ಮಾಡುತ್ತಿದ್ದಿರಿ, ನಡುವೆ ಏನಾಯಿತು, ಆಮೇಲೆ ಹೇಗೆ ಮುಂದುವರಿದಿರಿ ಎಂಬ ಮೂರೂ ಬೇಕು. ಡಿಗ್ರಿಯ ನಡುವೆ ತಂದೆಗೆ ಆರೋಗ್ಯ ಕೆಟ್ಟು ಒಂದು ಸೆಮಿಸ್ಟರ್ ತಪ್ಪಿತು, ಮುಂದಿನ ವರ್ಷ ಆ ವಿಷಯಗಳನ್ನೂ ಸೇರಿಸಿ ಬರೆದು ಪಾಸಾದೆ ಎಂಬುದು ಸರಿಯಾದ ಉತ್ತರ. ಮನೆಯ ಕಷ್ಟ ಹೇಳಲು ಸಂಕೋಚ ಬೇಡ. ಅವರು ಕೇಳುತ್ತಿರುವುದು ಅದನ್ನೇ.

ಹಂತ 9: ಉಚ್ಚಾರ, ಆಮೇಲೆ ಸ್ವಲ್ಪ ಅಭ್ಯಾಸ

ರಿಜೆಕ್ಟ್ ಕ್ರಿಯೆಯಾದಾಗ ಒತ್ತು ‘ಜೆಕ್ಟ್’ ಮೇಲೆ. ಕಾರ್ಖಾನೆಯಲ್ಲಿ ಬೇರೆ ಇಟ್ಟ ಕಳಪೆ ಮಾಲಿಗೆ ಹೇಳುವಾಗ ಒತ್ತು ಮೊದಲ ಅಕ್ಷರದ ಮೇಲೆ, ‘ರೀಜೆಕ್ಟ್’. ರಿಫ್ಯೂಸ್ ಕ್ರಿಯೆಯಾದಾಗ ಕೊನೆಯ ದನಿ ‘ಝ್’ ಕಡೆ ವಾಲುತ್ತದೆ. ಅದೇ ಕಾಗುಣಿತದ ‘ರೆಫ್ಯೂಸ್’ ಎಂಬ ಹೆಸರುಪದಕ್ಕೆ ಕಸ ಎಂದರ್ಥ. ‘ಬೇಡ ಎಂದದ್ದು’ ಎಂಬ ಹೆಸರುಪದ ಬೇಕಿದ್ದರೆ ರಿಫ್ಯೂಸಲ್ ಬಳಸಿ.

ಈಗ ಕೆಳಗಿನವಕ್ಕೆ ಪದ ಹುಡುಕಿ, ಆಮೇಲೆ ಉತ್ತರ ನೋಡಿ. ಗದಗಿನ ಪರೀಕ್ಷಾ ಕೇಂದ್ರದಲ್ಲಿ ಗೇಟು ಮುಚ್ಚಿದ ಮೇಲೆ ಬಂದವರನ್ನು ಒಳಗೆ ಬಿಡಲಿಲ್ಲ. ಹತ್ತಿ ಬಿಡಿಸುವ ಹೊತ್ತಿಗೆ ಮಳೆ ಹೊಡೆದು ಕೆಲಸ ಎರಡು ವಾರ ಹಿಂದೆ ಬಿತ್ತು. ಗುತ್ತಿಗೆದಾರ ತಾನು ಹಣ ಪಡೆದಿಲ್ಲ ಎಂದ. ಹಾವೇರಿಯಲ್ಲಿ ಹಾಸ್ಟೆಲಿಗೆ ಹಾಕಿದ ಅರ್ಜಿ ಆದಾಯ ಪ್ರಮಾಣಪತ್ರ ಇಲ್ಲವೆಂದು ವಾಪಸ್ ಬಂತು.

ಮೊದಲನೆಯದು ಟರ್ನ್ಡ್ ಅವೇ. ಡಿನೈಡ್ ಎಂಟ್ರಿ ಎಂದರೂ ಸರಿ. ಎರಡನೆಯದರಲ್ಲಿ ಮಳೆ ಕೆಲಸವನ್ನು ‘ಸೆಟ್ ಬ್ಯಾಕ್’ ಮಾಡಿತು, ಭೂತಕಾಲದಲ್ಲೂ ರೂಪ ಬದಲಾಗುವುದಿಲ್ಲ. ಮೂರನೆಯದು ಡಿನೈಡ್ ರಿಸೀವಿಂಗ್. ನಾಲ್ಕನೆಯದಕ್ಕೆ ಕಾಗದವನ್ನೇ ನೋಡಬೇಕು. ‘ರಿಟರ್ನ್ಡ್’ ಎಂದಿದ್ದರೆ ತಿದ್ದಿ ತನ್ನಿ ಎಂದು ಕಳಿಸಿದ್ದಾರೆ, ಪ್ರಮಾಣಪತ್ರ ಸೇರಿಸಿ ಅದೇ ಅರ್ಜಿ ಕೊಡಬಹುದು. ‘ರಿಜೆಕ್ಟೆಡ್’ ಎಂದಿದ್ದರೆ ಆ ಅರ್ಜಿ ಮುಗಿದಿದೆ. ಹೊಸದು ಹಾಕಲು ಬರುತ್ತದೆಯೇ, ಕೊನೆಯ ದಿನಾಂಕ ಯಾವುದು ಎಂದು ಅವತ್ತೇ ಹೋಗಿ ಕೇಳಿ.